ಹಬ್ಬಯಾನ ಸಂಹಿತೆ: ಕಂಡಕ್ಟರ್ ಭಾಷ್ಯ ಸಹಿತ

ಹಬ್ಬಕ್ಕೆ ಊರಿಗೆ ಹೊರಟವರ ಆರೋಗ್ಯವನ್ನು ಕುರಿತು ನಮ್ಮಲ್ಲಿ ಸ್ವತಂತ್ರ ಶಾಸ್ತ್ರವಿಲ್ಲ. ಚರಕ ಋತುಚರ್ಯೆ ಹೇಳಿದ, ವಾಗ್ಭಟ ದಿನಚರ್ಯೆ ಹೇಳಿದ. ನರಕ ಚತುರ್ದಶಿಯ ಹಿಂದಿನ ರಾತ್ರಿ ಮೆಜೆಸ್ಟಿಕ್ಕಿನಲ್ಲಿ ಒಂದು ಕೈಯಲ್ಲಿ ಸ್ವೀಟ್ ಬಾಕ್ಸು, ಇನ್ನೊಂದು ಕೈಯಲ್ಲಿ ಮಗು ಹಿಡಿದು ಬಸ್ಸುಗಳ ಬೋರ್ಡು ಓದುತ್ತಾ ಓಡುವವನ ಚರ್ಯೆಯನ್ನು ಮಾತ್ರ ಇಬ್ಬರೂ ಕೈಬಿಟ್ಟರು. ವಿದ್ವಾಂಸರ ಈ ಅಲಕ್ಷ್ಯದ ಫಲ ನಮ್ಮ ಕಣ್ಣಮುಂದಿದೆ. ಗಟ್ಟಿಮುಟ್ಟಾಗಿ ಹೊರಟ ಜನ ಹಬ್ಬ ಮುಗಿಸಿ ಶುಂಠಿ ಕಷಾಯ ಕುಡಿಯುತ್ತಾ ವಾಪಸಾಗುತ್ತಾರೆ. ಆ ಕೊರತೆ ನೀಗಲೆಂದೇ ಈ ಗ್ರಂಥ.

ಶಾಸ್ತ್ರವೆಂದ ಮೇಲೆ ಅನುಬಂಧ ಚತುಷ್ಟಯ ಹೇಳದೆ ಒಳಗೆ ಕಾಲಿಡುವಂತಿಲ್ಲ. ಇದಕ್ಕೆ ಅಧಿಕಾರಿ ಯಾರು? ಟಿಕೆಟ್ ಕನ್‌ಫರ್ಮ್ ಆದವನು. ವೇಟಿಂಗ್ ಲಿಸ್ಟಿನಲ್ಲಿರುವವನು ಇನ್ನೂ ಮುಮುಕ್ಷು. ವಿಷಯ ಯಾವುದು? ಹೊಟ್ಟೆ. ಸಂಬಂಧ? ಸಂಬಂಧಿಕರ ಮನೆಗೇ ಹೋಗುತ್ತಿರುವುದು. ಪ್ರಯೋಜನ? ಸೋಮವಾರ ಬೆಳಿಗ್ಗೆ ಆಫೀಸಿನಲ್ಲಿ ಎದ್ದು ನಿಲ್ಲುವಷ್ಟು ಜೀವ.

ಸೂತ್ರ: ನಾಲ್ಕೂ ಕೆಟ್ಟ ಕಡೆ ನಿಂತೇ ಬಸ್ಸಿಗೆ ಕಾಯತಕ್ಕದ್ದು.

ಯಾವ ನಾಲ್ಕು? ಚರಕ ಸಂಹಿತೆಯ ವಿಮಾನಸ್ಥಾನದಲ್ಲಿ, ಗಂಗಾತೀರದ ಕಾಂಪಿಲ್ಯದಲ್ಲಿ ಅಡ್ಡಾಡುತ್ತಾ ಆತ್ರೇಯನು ಶಿಷ್ಯ ಅಗ್ನಿವೇಶನಿಗೆ ಒಂದು ಸಂದೇಹ ಪರಿಹರಿಸುತ್ತಾನೆ. ಬೇರೆ ಬೇರೆ ಮೈಕಟ್ಟಿನ, ಬೇರೆ ಬೇರೆ ಊಟದ ಜನರೆಲ್ಲ ಏಕಕಾಲಕ್ಕೆ ಹೇಗೆ ಕಾಯಿಲೆ ಬೀಳುತ್ತಾರೆ ಎಂಬುದು ಪ್ರಶ್ನೆ. ವಾಯು, ಜಲ, ದೇಶ, ಕಾಲ ಈ ನಾಲ್ಕು ಕೆಟ್ಟಾಗ ಎಂಬುದು ಉತ್ತರ. ಆತ್ರೇಯನು ಮೆಜೆಸ್ಟಿಕ್ಕನ್ನು ಕಂಡವನಲ್ಲವಾದರೂ ಲಕ್ಷಣ ಚೆನ್ನಾಗಿ ಕೂಡುತ್ತದೆ. ಕಾಲ ಕೆಟ್ಟಿದೆ, ಹತ್ತೂ ಮುಕ್ಕಾಲರ ಬಸ್ಸು ಹನ್ನೆರಡೂಕಾಲಕ್ಕೆ ಬರುತ್ತದೆ. ದೇಶ ಕೆಟ್ಟಿದೆ, ಪ್ಲಾಟ್‌ಫಾರ್ಮು ಬದಲಾದದ್ದನ್ನು ಯಾರೂ ಹೇಳಲಿಲ್ಲ. ಜಲದ ಮಾತು ಮುಂದೆ ಬರುತ್ತದೆ, ವಾಯುವಿನ ಮಾತು ಬಸ್ಸು ಹತ್ತಿದ ಮೇಲೆ. ಎ.ಸಿ. ಕೋಚಿನ ಕಿಟಕಿ ತೆಗೆಯುವಂತಿಲ್ಲ, ಒಳಗಿನ ಗಾಳಿಯೇ ಬಹುಮಟ್ಟಿಗೆ ಒಳಗೇ ಸುತ್ತುತ್ತದೆ, ಏಳನೇ ಸೀಟಿನವರ ಕೆಮ್ಮು ಹಾಸನ ಬರುವಷ್ಟರಲ್ಲಿ ಸಾರ್ವಜನಿಕ ಸ್ವತ್ತಾಗುತ್ತದೆ. ಪರಿಹಾರ ಗೊತ್ತಿದ್ದದ್ದೇ. 2020ರಲ್ಲಿ ಕೊಂಡ ಮಾಸ್ಕು ಎಲ್ಲರ ಮನೆಯ ಡ್ರಾಯರಿನಲ್ಲೂ ಇದೆ. ಕೆಮ್ಮುವವನು ಹಾಕಿಕೊಂಡರೆ ಅದರ ಫಲ ಹೆಚ್ಚು. ಆದರೆ ಕೆಮ್ಮುವವನ ಮತ ಬೇರೆ: "ಏನಿಲ್ಲ ಸಾರ್, ಡಸ್ಟು ಅಷ್ಟೇ."

ಸೂತ್ರ: ದೋಸೆ ಘಾಟಿಗಿಂತ ಮೊದಲಲ್ಲ.

ಇದಕ್ಕೆ ಕೊಟ್ಟಿಗೆಹಾರ ಸೂತ್ರವೆಂದು ಹೆಸರು. ಮೂಡಿಗೆರೆ ಕಡೆಯಿಂದ ಬಂದು ಚಾರ್ಮಾಡಿ ಘಾಟಿ ಇಳಿಯುವ ಮೊದಲು ಕೊಟ್ಟಿಗೆಹಾರ ಸಿಗುತ್ತದೆ. ಮಂಜು, ಚಳಿ, ಬಿಸಿ ನೀರುದೋಸೆ, ಕಾಯಿಚಟ್ನಿ. ವೈರಾಗ್ಯವಂತನೂ ಎರಡು ಪ್ಲೇಟು ಹೇಳುವ ಜಾಗ. ಅಲ್ಲಿಂದ ಕೆಳಕ್ಕೆ ತಿರುವು ಶುರುವಾಗುತ್ತದೆ. ಒಳಕಿವಿಯಲ್ಲಿರುವ ಮೂರು ಅರ್ಧವೃತ್ತ ನಾಳಗಳ ದ್ರವವು "ತಿರುಗುತ್ತಿದ್ದೇವೆ" ಎಂದು ಮಿದುಳಿಗೆ ವರದಿ ಒಪ್ಪಿಸುತ್ತದೆ. ಮೊಬೈಲಿನಲ್ಲಿ ನೆಟ್ಟ ಕಣ್ಣು "ಎಲ್ಲೂ ಅಲ್ಲಾಡಿಲ್ಲ" ಎಂದು ಸಾಕ್ಷಿ ಹೇಳುತ್ತದೆ. ಎರಡು ಪ್ರಮಾಣಗಳಿಗೆ ವಿರೋಧ ಬಂದಾಗ ಮೀಮಾಂಸಕರು ವಾದಕ್ಕೆ ಕೂರುತ್ತಾರೆ. ಹೊಟ್ಟೆ ವಾದಕ್ಕೆ ಕೂರುವುದಿಲ್ಲ.

ಇಲ್ಲಿ ಪೂರ್ವಪಕ್ಷ: ಹಾಗಾದರೆ ಡ್ರೈವರಿಗೆ ಯಾಕೆ ವಾಂತಿ ಬರುವುದಿಲ್ಲ? ಸಮಾಧಾನ: ಮುಂದಿನ ತಿರುವು ಯಾವ ಕಡೆಗೆಂದು ಅವನಿಗೆ ಮೊದಲೇ ಗೊತ್ತು. ಅವನ ಕಣ್ಣು, ಕೈ, ಕಿವಿ ಮೂರೂ ಒಂದೇ ಹೇಳಿಕೆ ಕೊಡುತ್ತವೆ. ಇದರಿಂದ ಸಿದ್ಧವಾಗುವುದೇನೆಂದರೆ, ವಾಂತಿಯ ಪ್ರಕೃತಿಯವರು ಮುಂದಿನ ಸೀಟಿನಲ್ಲಿ ಕೂತು, ತಲೆ ಸೀಟಿಗೆ ಆನಿಸಿ, ದೂರದ ರಸ್ತೆ ನೋಡತಕ್ಕದ್ದು, ಮೊಬೈಲು ಜೇಬಿನಲ್ಲಿರತಕ್ಕದ್ದು. ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿ ಹೊರಡುವುದಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲೇ ನುಂಗಬೇಕು. ಮೂರನೆಯ ತಿರುವಿನಲ್ಲಿ ನುಂಗಿದ ಮಾತ್ರೆ ನೀರುದೋಸೆಯ ಜೊತೆಗೇ ಹೊರಗೆ ಬರುತ್ತದೆ. ಈ ಮಾತ್ರೆಗಳಲ್ಲಿ ಬಹಳಷ್ಟು ನಿದ್ದೆ ತರಿಸುವಂಥವು, ಆದ್ದರಿಂದ ಸ್ಟೇರಿಂಗ್ ಹಿಡಿಯುವ ಮಾವನಿಗೆ ಕೊಡಕೂಡದು. ಇಷ್ಟೆಲ್ಲ ಮಾಡಿಯೂ ಬಂದೇ ಬಂದರೆ ನಾಚಿಕೆ ಬೇಡ. ಚಾರ್ಲ್ಸ್ ಡಾರ್ವಿನ್ 1831ರಿಂದ 1836ರವರೆಗೆ ಬೀಗಲ್ ಹಡಗಿನಲ್ಲಿ ಲೋಕ ಸುತ್ತಿದಾಗಲೂ ಅಲೆಯೆದ್ದಾಗಲೆಲ್ಲ ಹೊಟ್ಟೆ ತೊಳಸಿ ಮಲಗಿಬಿಡುತ್ತಿದ್ದ. ಜೀವವಿಕಾಸದ ವಿಚಾರಕ್ಕೆ ಅದೇನೂ ಅಡ್ಡಿಯಾಗಲಿಲ್ಲ.

ನಿಂಬೆಹಣ್ಣಿನ ವಿಷಯದಲ್ಲಿ ಮೂರು ಸಂಪ್ರದಾಯಗಳಿವೆ. ಆಘ್ರಾಣವಾದಿಗಳು ಅದನ್ನು ಉಗುರಿನಿಂದ ಗೀರಿ ಮೂಸುತ್ತಾರೆ. ಲೇಹ್ಯವಾದಿಗಳು ಉಪ್ಪು ಸವರಿ ಚೀಪುತ್ತಾರೆ. ಚಕ್ರವಾದಿಗಳು ಹೊರಡುವ ಮುಂಚೆ ನಾಲ್ಕೂ ಟೈರಿನ ಕೆಳಗೆ ಒಂದೊಂದಿಟ್ಟು ಹತ್ತಿಸುತ್ತಾರೆ. ಮೊದಲಿನ ಎರಡರಿಂದ ವಾಂತಿ ನಿಲ್ಲುತ್ತದೋ ಇಲ್ಲವೋ, ಬಾಯಿಗೆ ಹಿತ. ಮೂರನೆಯದರಿಂದ ಆಗುವ ಲಾಭ ನಿಂಬೆಹಣ್ಣಿನ ವ್ಯಾಪಾರಿಗೆ ಪ್ರತ್ಯಕ್ಷ, ಉಳಿದವರಿಗೆ ಅನುಮಾನ. ನ್ಯೂಸ್‌ಪೇಪರ್ ಮೇಲೆ ಕೂತರೆ ವಾಂತಿ ಬರುವುದಿಲ್ಲ ಎಂಬ ನಾಲ್ಕನೆಯ ಪಂಥವೂ ಉಂಟು. ಆ ಪೇಪರನ್ನು ಓದಲು ಹೊರಟರೆ ಬರುತ್ತದೆ ಎಂಬುದಷ್ಟೇ ಖಚಿತ.

ಈ ಸೂತ್ರಕ್ಕೆ ಕಂಡಕ್ಟರ್ ಭಾಷ್ಯ ಅತಿ ಸಂಕ್ಷಿಪ್ತ: "ವಾಂತಿ ಬರೋರಿದ್ರೆ ಈಗ್ಲೇ ಹೇಳಿ, ಬಂದ್ಮೇಲೆ ಹೇಳ್ಬೇಡಿ." ಭಾಷ್ಯಕಾರರ ಕೈಯಲ್ಲಿ ಕಪ್ಪು ಕವರುಗಳ ಕಂತೆಯಿರುತ್ತದೆ. ಕವರು ಸಿಕ್ಕ ತಕ್ಷಣ ಊದಿ, ತಳದಲ್ಲಿ ತೂತಿಲ್ಲವೆಂದು ಖಾತ್ರಿ ಮಾಡಿಕೊಳ್ಳುವುದು ಶಿಷ್ಟಾಚಾರ. ಕಿಟಕಿಯಿಂದ ತಲೆ ಹೊರಗೆ ಹಾಕುವುದು ಎರಡು ಕಾರಣಕ್ಕೆ ನಿಷಿದ್ಧ: ಎದುರಿನಿಂದ ಲಾರಿ ಬರುತ್ತದೆ, ಹಿಂದಿನ ಕಿಟಕಿಯಲ್ಲಿ ಒಬ್ಬರು ಕೂತಿದ್ದಾರೆ.

ಇನ್ನು ವೇಗಾಧಿಕರಣ. ಇದು ಗ್ರಂಥದ ಹೃದಯಭಾಗ, ಆದ್ದರಿಂದ ಸ್ವಲ್ಪ ನಿಲ್ಲಬೇಕು.

ಚರಕ ಸಂಹಿತೆಯ ಸೂತ್ರಸ್ಥಾನದ ಏಳನೆಯ ಅಧ್ಯಾಯ ತಡೆಯಬಾರದ ವೇಗಗಳನ್ನು ಹೇಳುತ್ತದೆ. ಅವು 13: ಮೂತ್ರ, ಮಲ, ಶುಕ್ರ, ಅಪಾನವಾಯು, ವಾಂತಿ, ಸೀನು, ತೇಗು, ಆಕಳಿಕೆ, ಹಸಿವು, ಬಾಯಾರಿಕೆ, ಕಣ್ಣೀರು, ನಿದ್ದೆ, ದಣಿವಿನ ಏದುಸಿರು. ರಾತ್ರಿ ಬಸ್ಸಿನಲ್ಲಿ ಇವುಗಳ ಸ್ಥಿತಿಯನ್ನು ಪರೀಕ್ಷಿಸೋಣ. ಆಕಳಿಕೆ, ತೇಗು, ಸೀನುಗಳಿಗೆ ಪೂರ್ಣ ಸ್ವಾತಂತ್ರ್ಯವಿದೆ. ಅಪಾನವಾಯುವಿಗೆ ಕರ್ತೃವಿಲ್ಲ, ಅದು ಅಪೌರುಷೇಯ. ನಿದ್ದೆಗೆ ಅವಕಾಶವಿದ್ದರೂ ಪಕ್ಕದವರ ಭುಜದ ಅನುಮತಿ ಬೇಕು. ಏದುಸಿರನ್ನು ಬಸ್ಸು ಹತ್ತುವಾಗಲೇ ಮುಗಿಸಿಕೊಂಡಿರುತ್ತೇವೆ. ಉಳಿದದ್ದು ಪಟ್ಟಿಯ ಮೊದಲ ವೇಗ. ಚರಕನ ಪ್ರಕಾರ ತಡೆದರೆ ವಸ್ತಿಶೂಲ, ತಲೆನೋವು. ಡ್ರೈವರ್ ಮತದ ಪ್ರಕಾರ ಚನ್ನರಾಯಪಟ್ಟಣ.

ಬಸ್ಸು ನಡುರಾತ್ರಿ ಒಂದು ಕಡೆ ನಿಲ್ಲುತ್ತದೆ. "ಅರ್ಜೆಂಟ್ ಇರೋರು ಇಳ್ಕೊಳ್ಳಿ, ಹತ್ತೇ ನಿಮಿಷ!" ಗಂಡಸರು ಇಳಿದು, ಹೆಡ್‌ಲೈಟಿನ ಬೆಳಕು ತಪ್ಪಿಸಿ, ಬೇಲಿಗೆ ಮುಖ ಮಾಡಿ ಸಾಲಾಗಿ ನಿಲ್ಲುತ್ತಾರೆ. ಹೆಂಗಸರು ಕಿಟಕಿಯ ಪರದೆ ಎಳೆದುಕೊಂಡು ಕೂತಲ್ಲೇ ಕೂತಿರುತ್ತಾರೆ. ಪಕ್ಕದ ಸೀಟಿನ ಆಂಟಿಯ ಮಡಿಲಲ್ಲಿ ಒಂದು ಲೀಟರಿನ ಬಾಟಲಿ ಬೆಂಗಳೂರು ಬಿಟ್ಟಾಗ ಎಷ್ಟಿತ್ತೋ ಅಷ್ಟೇ ಇದೆ. ಮಧ್ಯೆ ಒಮ್ಮೆ ಮುಚ್ಚಳ ಬಿಚ್ಚಿ, ಆ ಮುಚ್ಚಳಕ್ಕೇ ನೀರು ಬಗ್ಗಿಸಿ, ಬಿ.ಪಿ. ಮಾತ್ರೆ ಇಳಿಯುವಷ್ಟು ಮಾತ್ರ ಕುಡಿದು, ಮುಚ್ಚಳವನ್ನು ಸೆರಗಿನಿಂದ ಒರೆಸಿ ಬಿಗಿಯಾಗಿ ತಿರುಗಿಸುತ್ತಾರೆ. "ಕುಡೀರಿ ಆಂಟಿ, ಬೇಕಾದಷ್ಟಿದೆ" ಎಂದರೆ, "ಬೇಡಪ್ಪ, ಊರು ಮುಟ್ಲಿ, ಆಮೇಲೆ ಚೆಂಬುಗಟ್ಲೆ ಕುಡೀತೀನಿ."

ಈ ಆಚರಣೆಗೆ ನಮ್ಮ ಗ್ರಂಥದಲ್ಲಿ ಜಲನಿಗ್ರಹ ವ್ರತವೆಂದು ಹೆಸರು. ಸ್ತ್ರೀಯರಿಗೆ ಮಾತ್ರ ವಿಹಿತ. ಸಂಕಲ್ಪ ಹೊರಡುವ ದಿನದ ಮಧ್ಯಾಹ್ನ, ಪಾರಣೆ ಊರು ತಲುಪಿದ ಮೇಲೆ. ಇದನ್ನು ಯಾವ ಪಂಚಾಂಗವೂ ಹೇಳಿಲ್ಲ, ಆದರೂ ಯಾವ ಹೆಂಗಸೂ ತಪ್ಪಿಸಿದ್ದಿಲ್ಲ. ವ್ರತದ ಫಲಶ್ರುತಿ: ಉರಿಮೂತ್ರ, ಮೂತ್ರನಾಳದ ಸೋಂಕು, ಮಲಬದ್ಧತೆ, ಹಬ್ಬದ ದಿನವಿಡೀ ಕಾಡುವ ತಲೆನೋವು. ಹೆಂಗಸರ ಮೂತ್ರನಾಳ ಗಿಡ್ಡ, ಸೋಂಕು ಬೇಗ ಹತ್ತುತ್ತದೆ, ನೀರು ಕಡಿಮೆಯಾದರೆ ಅದಕ್ಕೆ ಇನ್ನೂ ಅನುಕೂಲ. ರಾಜ್ಯದೊಳಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ 2023ರ ಜೂನ್ 11ರಿಂದ ಟಿಕೆಟ್ಟಿಗೆ ದುಡ್ಡಿಲ್ಲ. ಪ್ರಯಾಣಕ್ಕೆ ಶಕ್ತಿ ಬಂತು, ಪ್ರಯಾಣದ ಮಧ್ಯೆ ನೀರು ಕುಡಿಯುವ ಧೈರ್ಯ ಬರಲಿಲ್ಲ. ಬೀಗವಿರುವ, ನೀರಿರುವ, ಬಲ್ಬಿರುವ ಒಂದು ಕಕ್ಕಸು ದಾರಿಯಲ್ಲಿ ಸಿಕ್ಕರೆ ಈ ವ್ರತ ತಾನಾಗಿ ನಿಂತುಹೋಗಿ, ಈ ಅಧಿಕರಣವೇ ಅನವಶ್ಯಕವಾಗುವ ಅಪಾಯವಿದೆ. ಶಾಸ್ತ್ರಕಾರರಾದ ನಾವು ಆ ನಷ್ಟ ಸಹಿಸಲು ಸಿದ್ಧ.

ಪ್ರಾಸಂಗಿಕವಾಗಿ ಕಾಲಿನ ವಿಚಾರ. ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಕಾಲು ಮಡಿಸಿ ಅಲ್ಲಾಡದೆ ಕೂತರೆ ಮೀನಖಂಡದ ಆಳದ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಸಂಭವ ಹೆಚ್ಚುತ್ತದೆ. ಪಾದವನ್ನು ಮೇಲೆ ಕೆಳಗೆ ಆಡಿಸುತ್ತಿರಬೇಕು, ಬಸ್ಸು ನಿಂತಾಗ ಇಳಿದು ನಾಲ್ಕು ಹೆಜ್ಜೆ ಹಾಕಬೇಕು. ಕಾಲ ಕೆಳಗೆ ಅಕ್ಕಿಚೀಲ, ತೊಡೆಯ ಮೇಲೆ ಇನ್ನೊಬ್ಬರ ಮಗು ಇದ್ದರೆ ಈ ವಿಧಿಗೆ ವಿನಾಯಿತಿಯುಂಟು, ಹೆಪ್ಪಿಗೆ ಇಲ್ಲ.

ಸೂತ್ರ: ಹುಳಿ ಕಾಯುತ್ತದೆ, ಕಾಯಿ ಕೈಕೊಡುತ್ತದೆ.

ಬುತ್ತಿಯ ಬಗ್ಗೆ ಅಜ್ಜಿಯಂದಿರ ಪರಂಪರೆ ಅವಿಚ್ಛಿನ್ನವಾಗಿದೆ, ನಾವು ಕೇವಲ ಲಿಪಿಕಾರರು. ಅನ್ನ ಬೇಯಿಸಿದರೂ ಸಾಯದೆ ಉಳಿಯುವ ಬೀಜಕಣಗಳುಳ್ಳ ಬ್ಯಾಸಿಲಸ್ ಸೀರಿಯಸ್ ಎಂಬ ಜೀವಿಯೊಂದಿದೆ. ಬೆಚ್ಚಗಿನ ಡಬ್ಬಿಯಲ್ಲಿ ಅದು ಎದ್ದು ಕೂತು ವಿಷ ಕಕ್ಕುತ್ತದೆ, ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಇಂಥವಕ್ಕೆಲ್ಲ ಹಬ್ಬ. ಪುಳಿಯೋಗರೆಯ ಹುಣಸೆಹುಳಿ ಅದನ್ನು ತಕ್ಕಮಟ್ಟಿಗೆ ಹಿಡಿದಿಡುತ್ತದೆ, ತೆಂಗಿನತುರಿ ಉದುರಿಸಿದ ಚಿತ್ರಾನ್ನ ಮಧ್ಯಾಹ್ನದೊಳಗೆ ಹಳಸುತ್ತದೆ. ಮೊಸರನ್ನಕ್ಕೆ ಮೊಸರನ್ನೇ ಸುರಿಯುವುದು ಅಜ್ಞರ ಮಾರ್ಗ. ಅಜ್ಜಿ ಅನ್ನವನ್ನು ಹಿಸುಕಿ, ಕಾಯಿಸಿದ ಹಾಲು ಬೆರೆಸಿ, ಬೆಚ್ಚಗಿರುವಾಗ ಒಂದೇ ಚಮಚ ಮೊಸರು ಹಾಕುತ್ತಾಳೆ. ಡಬ್ಬಿ ಬಸ್ಸಿನಲ್ಲಿ ಪ್ರಯಾಣ ಮಾಡುತ್ತಲೇ ಹಾಲು ಮೊಸರಾಗಿ, ಊಟದ ಹೊತ್ತಿಗೆ ಹದಕ್ಕೆ ಬಂದಿರುತ್ತದೆ. ಪ್ರಯಾಣದ ಕಾಲವನ್ನೇ ಪಾಕದ ಅಂಗವನ್ನಾಗಿಸಿದ ಈ ಯುಕ್ತಿಯ ಎದುರು ನಮ್ಮ ಇಡೀ ಸಂಹಿತೆ ತೃಣ.

ಹೋಟೆಲ್ ತಿನ್ನುವವರ ತರ್ಕದೋಷವನ್ನೂ ಇಲ್ಲೇ ಖಂಡಿಸಬೇಕು. ಕುದಿಯುವ ಎಣ್ಣೆಯಿಂದ ಈಗಷ್ಟೇ ಎದ್ದು ಬಂದ ಬಜ್ಜಿಯನ್ನು ಅನುಮಾನಿಸಿ, ಬೆಳಗಿನಿಂದ ಬಕೆಟ್ಟಿನಲ್ಲಿ ಕೂತು ನೀರು ಬೆರೆಸಿಕೊಳ್ಳುತ್ತಲೇ ಇರುವ ಹಸಿರು ಚಟ್ನಿಯನ್ನು ನಂಬುವುದಕ್ಕೆ ವಿಪರೀತಜ್ಞಾನವೆಂದು ಹೆಸರು.

ಇಷ್ಟಾದರೂ ಹೊಟ್ಟೆ ಕೆಟ್ಟರೆ? ಇದಕ್ಕೆ ಮದ್ದು ಎಷ್ಟು ಅಗ್ಗವೆಂದರೆ ಪಂಡಿತರು ಹೇಳಲು ನಾಚುತ್ತಾರೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ನಡುವೆ ಕಾಲರಾ ಹಬ್ಬಿದಾಗ ಬನಗಾಂವ್‌ನಲ್ಲಿ ಸಲೈನ್ ಮುಗಿಯುತ್ತಾ ಬಂತು. ಡಾ. ದಿಲೀಪ್ ಮಹಲನಬೀಸ್ ಉಪ್ಪು, ಗ್ಲೂಕೋಸ್, ಅಡುಗೆ ಸೋಡಾಗಳನ್ನು ನೀರಿಗೆ ಬೆರೆಸಿ ಕುಡಿಸಿದರು. ಅವರ ಶಿಬಿರದಲ್ಲಿ ಸಾವು ಶೇಕಡ ನಾಲ್ಕಕ್ಕಿಂತ ಕೆಳಗಿಳಿಯಿತು. 2023ರಲ್ಲಿ ಅವರಿಗೆ ಮರಣೋತ್ತರ ಪದ್ಮವಿಭೂಷಣ ಬಂತು. ಅಂಗಡಿಯ ಓಆರ್‌ಎಸ್ ಪುಡಿ ಸಿಗದಿದ್ದರೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚ ತಲೆ ತಟ್ಟಿ ಅಳೆದಿರಬೇಕು, ಗೋಪುರ ಕಟ್ಟಿರಬಾರದು. ಪುಡಿ ಕೊಳ್ಳುವಾಗ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ್ದೇ ಎಂದು ಓದಿ ಕೊಳ್ಳಬೇಕು. ಅದರಲ್ಲಿ ಲೀಟರಿಗೆ ಗ್ಲೂಕೋಸ್ 13.5 ಗ್ರಾಂ ಮಾತ್ರ. ಓಆರ್‌ಎಸ್ ಎಂಬ ಹೆಸರು ಹೊತ್ತ ಬಣ್ಣದ ಪೊಟ್ಟಣದ ಪಾನಕಗಳಲ್ಲಿ ಸಕ್ಕರೆ ಇದರ ಹಲವು ಪಟ್ಟು ಇತ್ತು. ಆ ಸೂತ್ರಕ್ಕೆ ಹೊಂದದ ಪಾನೀಯಗಳಿಗೆ ಆ ಹೆಸರು ಕೂಡದೆಂದು ಆಹಾರ ಸುರಕ್ಷತಾ ಪ್ರಾಧಿಕಾರ ಹೇಳಿದ್ದು 2025ರ ಅಕ್ಟೋಬರಿನಲ್ಲಿ. ಶಾಸ್ತ್ರಗಳ ಕ್ಷೇತ್ರದಲ್ಲಿ ಇಷ್ಟು ವಿಳಂಬ ಅಸಹಜವೇನಲ್ಲ.

ಊರು ಬಂತು. ಅಪಾಯ ಕಳೆಯಿತೆಂದು ಓದುಗರು ಭ್ರಮಿಸಬಾರದು, ಇಲ್ಲಿಯವರೆಗಿನದು ಕೇವಲ ಪೂರ್ವಭಾಗ.

ಸೂತ್ರ: ಒಂದಿನಕ್ಕೆ ಏನಾಗಲ್ಲ.

ಇದು ದೊಡ್ಡಮ್ಮನ ಸೂತ್ರ, ಸ್ವತಃಪ್ರಮಾಣ. ಹೊಟ್ಟೆ ತುಂಬುವ ಬಗೆಯಲ್ಲಿ ಆಚಾರ್ಯರಲ್ಲೇ ಮತಭೇದವಿದೆ. ಜಠರವನ್ನು ಮೂರು ಭಾಗ ಮಾಡಿ ಒಂದು ಗಟ್ಟಿಗೆ, ಒಂದು ದ್ರವಕ್ಕೆ, ಒಂದು ವಾತ ಪಿತ್ತ ಕಫಗಳ ಓಡಾಟಕ್ಕೆ ಎನ್ನುತ್ತಾನೆ ಚರಕ. ವಾಗ್ಭಟನು ನಾಲ್ಕು ಭಾಗ ಮಾಡಿ ಎರಡು ಅನ್ನಕ್ಕೆ, ಒಂದು ಪಾನಕ್ಕೆ, ಒಂದನ್ನು ಖಾಲಿ ಬಿಡು ಎನ್ನುತ್ತಾನೆ. ದೊಡ್ಡಮ್ಮನ ಸಿದ್ಧಾಂತದಲ್ಲಿ ಖಾಲಿ ಎಂಬ ಪದಾರ್ಥವೇ ಇಲ್ಲ. ಖಾಲಿ ಕಂಡಲ್ಲಿ ಹೋಳಿಗೆ, ಹೋಳಿಗೆ ಕಂಡಲ್ಲಿ ತುಪ್ಪ. "ಸಾಕು ದೊಡ್ಡಮ್ಮ" ಎಂಬುದು ನಿಷೇಧವಾಕ್ಯವಲ್ಲ, ಅರ್ಥವಾದ. ಬಾಳೆಯೆಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದರೂ ಬೆರಳ ಸಂದಿಯಿಂದ ತುಪ್ಪ ಇಳಿಯುತ್ತದೆ. "ಶುಗರ್ ಇದೆ ದೊಡ್ಡಮ್ಮ." "ಗೊತ್ತು ಕಣೋ. ಒಂದಿನಕ್ಕೆ ಏನಾಗಲ್ಲ. ಸಂಜೆ ಒಂದ್ ಮಾತ್ರೆ ಜಾಸ್ತಿ ತಗೋ."

ಇಲ್ಲಿ ಗಣಿತದ ತೊಡಕಿದೆ. ನೀರು ತುಂಬುವ ಹಬ್ಬ ಒಂದಿನ, ಚತುರ್ದಶಿ ಒಂದಿನ, ಅಮಾವಾಸ್ಯೆ ಒಂದಿನ, ಪಾಡ್ಯ ಒಂದಿನ. ಪ್ರತಿಯೊಂದೂ ಸೂತ್ರಕ್ಕೆ ಒಳಪಟ್ಟಿದೆ. ಮಲೆನಾಡಿನಲ್ಲಿ ದೀಪಾವಳಿಗೆ ದೊಡ್ಡಹಬ್ಬವೆಂದೇ ಹೆಸರು, ಗ್ಲೂಕೋಮೀಟರು ಚಿಕ್ಕದು. ಮಾತ್ರೆ ಜಾಸ್ತಿ ನುಂಗುವ ದೊಡ್ಡಮ್ಮನ ವಿಧಿ ವೈದ್ಯರ ಅಪ್ಪಣೆಯಿಲ್ಲದೆ ಪಾಲಿಸತಕ್ಕದ್ದಲ್ಲ, ರಾತ್ರೋರಾತ್ರಿ ಸಕ್ಕರೆ ಪಾತಾಳಕ್ಕಿಳಿಯಬಹುದು. ಮಾತ್ರೆ, ಇನ್ಸುಲಿನ್ ಬಸ್ಸಿನ ಡಿಕ್ಕಿಯ ಸೂಟ್‌ಕೇಸಿನಲ್ಲಲ್ಲ, ಹೆಗಲ ಚೀಲದಲ್ಲಿರಬೇಕು. ಬಿಸಿಲಿಗೆ ನಿಂತ ಕಾರಿನಲ್ಲಿ ಇನ್ಸುಲಿನ್ ಕೆಡುತ್ತದೆ, ಫ್ರೀಜರಿನಲ್ಲಿ ಹೆಪ್ಪುಗಟ್ಟಿದರೂ ಕೆಡುತ್ತದೆ. ಹದಿನೆಂಟು ಜನರಿಗೆ ಒಂದೇ ಬಚ್ಚಲಿರುವ ಮನೆಯಲ್ಲಿ ಪಟ್ಟಿಯ ಎರಡನೆಯ ವೇಗದ ಗತಿಯೇನು ಎಂಬುದನ್ನು ಸಭ್ಯತೆಯ ದೃಷ್ಟಿಯಿಂದ ಬಿಟ್ಟಿದ್ದೇವೆ. ಬೆಳಗಿನ ನಾಲ್ಕಕ್ಕೇ ಎದ್ದವನಿಗೆ ಜಯ ಎಂದಷ್ಟೇ ಸೂಚನೆ.

ಕೊನೆಯದು ಪಟ್ಟಿಕಾಧಿಕರಣ, ಅಂದರೆ ಕಾರಿನ ಹಿಂದಿನ ಸೀಟಿನ ಬೆಲ್ಟಿನ ವಿಚಾರ. ಹಬ್ಬದ ಪಯಣದಲ್ಲಿ ಜನ ಹೊಟ್ಟೆಗೆ ಹೆದರುತ್ತಾರೆ. ಜೀವ ಹೋಗುವುದು ಬಹುಪಾಲು ರಸ್ತೆಯಲ್ಲಿ. ಶಾಸ್ತ್ರಕಾರರು ಈ ವಿಚಾರವನ್ನು ಕೊನೆಗೆ ಇಟ್ಟದ್ದಕ್ಕೆ ಕಾರಣ, ಎಲ್ಲರೂ ಅದನ್ನು ಕೊನೆಗೇ ಇಡುವುದು.

ಹಿಂದೆ ಕೂತವರೂ ಬೆಲ್ಟು ಹಾಕಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳ 138ನೆಯ ನಿಯಮ ಹೇಳುತ್ತದೆ. ತಪ್ಪಿದರೆ ಮೋಟಾರು ವಾಹನ ಕಾಯ್ದೆಯ 194ಬಿ ಪ್ರಕಾರ ಸಾವಿರ ರೂಪಾಯಿ ದಂಡ. 2022ರ ಸೆಪ್ಟೆಂಬರಿನಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿ ಹಿಂದಿನ ಸೀಟಿನಲ್ಲಿ ಬೆಲ್ಟಿಲ್ಲದೆ ಕೂತು ಅಪಘಾತದಲ್ಲಿ ತೀರಿಕೊಂಡರು. ಇಷ್ಟಾದರೂ ಬೆಲ್ಟು ಹಾಕದಿದ್ದರೆ ಕೂಗುವ ಅಲಾರಮ್ಮಿನ ಬಾಯಿ ಮುಚ್ಚಿಸಲು ಬರಿಯ ಕೊಕ್ಕೆಯೊಂದನ್ನು ಮಾರುತ್ತಿದ್ದರು. ಮನುಷ್ಯನ ಪರವಾಗಿ ಕಾರಿಗೆ ಸುಳ್ಳು ಹೇಳುವುದಷ್ಟೇ ಅದರ ಉದ್ಯೋಗ. 2023ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಅದರ ಮಾರಾಟ ನಿಲ್ಲಿಸುವಂತೆ ಐದು ಆನ್‌ಲೈನ್ ಅಂಗಡಿಗಳಿಗೆ ಆದೇಶ ಕೊಟ್ಟಿತು.

ಪೂರ್ವಪಕ್ಷವನ್ನು ಸೋದರಮಾವ ಮಂಡಿಸುತ್ತಾನೆ. "ಹಿಂದೆ ಕೂತೋರಿಗ್ಯಾಕಯ್ಯ ಬೆಲ್ಟು? ಮುಂದೆ ಸೀಟಿದೆಯಲ್ಲ, ಅದೇ ತಡೆಯುತ್ತೆ." ಹಿಂದಿನಿಂದ ಹಾರಿ ಬಂದವನ ಭಾರವನ್ನು ಆ ಸೀಟಿನಲ್ಲಿ ಕೂತ ಅತ್ತೆಯ ಬೆನ್ನು ತಡೆಯುತ್ತದೆ ಎಂಬುದು ಸಿದ್ಧಾಂತಿಯ ಉತ್ತರ. ಸೋದರಮಾವ ಸ್ವಲ್ಪ ಯೋಚಿಸಿ ಎರಡನೆಯ ಪೂರ್ವಪಕ್ಷ ತರುತ್ತಾನೆ: ಹಿಂದಿನ ಸೀಟಿನಲ್ಲಿ ಐದು ಜನ, ಬೆಲ್ಟು ಮೂರು. ಇದಕ್ಕೆ ಸಿದ್ಧಾಂತಿಯ ಬಳಿ ಉತ್ತರವಿದೆ, ಆದರೆ ಕೆಳಗಿಳಿಯಬೇಕಾದ ಇಬ್ಬರು ಯಾರೆಂದು ಹೇಳುವ ಧೈರ್ಯ ಅವನಿಗಿಲ್ಲ. ಮೂರನೆಯ ಆಕ್ಷೇಪವೇ ಪ್ರಬಲವಾದದ್ದು. ಹುಡುಗಿಯೊಬ್ಬಳು ಸೀಟಿನ ಸಂದಿಗೆ ಕೈ ಹಾಕಿ ಬಕಲ್ಲು ತಡಕುತ್ತಾಳೆ, ಸಿಗುವುದಿಲ್ಲ. ಹೋದ ಆಯುಧಪೂಜೆಗೆ ಹೊಸ ಸೀಟ್ ಕವರು ಹಾಕಿಸಿದಾಗ ಅಂಗಡಿಯವನು ಬಕಲ್ಲುಗಳನ್ನೆಲ್ಲ ಒಳಗೆ ತಳ್ಳಿ ಹೊಲಿದುಬಿಟ್ಟಿದ್ದಾನೆ. ಕವರು ಬಿಚ್ಚಿಸೋಣವೆಂದರೆ ಸೋದರಮಾವ ಪಂಚಾಂಗ ಕೇಳುತ್ತಿದ್ದಾನೆ.